ಪಥ್ಯ ತಪ್ಪದಿದ್ದರೂ ಬಂದ ರೋಗ

ಪ್ರಶ್ನೆ: ನನಗೆ 52 ವರ್ಷ. ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಹಿತ್ತಲಿನ ತರಕಾರಿ, ಕುಚ್ಚಲಕ್ಕಿ ಗಂಜಿ, ದಿನವಿಡೀ ಮೈಮುರಿದು ಕೆಲಸ. ಹೊರಗಿನ ತಿಂಡಿ ಮುಟ್ಟಿದವಳಲ್ಲ. ಎದೆಯಲ್ಲಿ ಗಂಟು ಕಂಡು ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದರು. ನೋಡಲು ಬಂದವರೆಲ್ಲ ‘ನಿನಗೆ ಹೇಗೆ ಬಂತು, ಏನು ತಿಂದಿದ್ದೆ?’ ಎನ್ನುತ್ತಾರೆ. ಎಲ್ಲಿ ತಪ್ಪಿದೆ ನಾನು? ಆಪರೇಷನ್ ಮುಂದೂಡಿ, ಮೂರು ತಿಂಗಳು ಕಷಾಯ, ಪಥ್ಯ ಮಾಡಿ ನೋಡಲೇ?

ಉತ್ತರ: ಬೇಡ ಅಕ್ಕ, ಮುಂದೂಡಬೇಡಿ. ಡಾಕ್ಟರು ಹೇಳಿದ ದಿನಕ್ಕೇ ಹೋಗಿ. ಮಿಕ್ಕದ್ದೆಲ್ಲ ಆಮೇಲಿನ ಮಾತು.

ನೀವು ಎಲ್ಲೂ ತಪ್ಪಿಲ್ಲ. ಸ್ತನ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಣ್ಣಾಗಿರುವುದು ಮತ್ತು 40 ದಾಟಿರುವುದು ಬಿಟ್ಟರೆ ಗುರುತಿಸಬಹುದಾದ ಬೇರೆ ಯಾವ ಅಪಾಯದ ಅಂಶವೂ ಇರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೀವಕೋಶ ಒಡೆದು ಎರಡಾಗುವಾಗೆಲ್ಲ ವಂಶವಾಹಿಯ ನಕಲು ಆಗಬೇಕು. ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ, ವಯಸ್ಸಾದಂತೆ ಸೇರುತ್ತಾ ಹೋಗುತ್ತವೆ. ಗಂಜಿ ಉಂಡವರಲ್ಲೂ ಇದು ನಡೆಯುತ್ತದೆ.

ಒಳ್ಳೆಯ ಊಟ ಎಲ್ಲವನ್ನೂ ತಡೆಯುವುದಿಲ್ಲ ಎಂಬುದನ್ನು ಪೆರ್ಲ ಸೇರಿರುವ ನಿಮ್ಮ ಎಣ್ಮಕಜೆ ಪಂಚಾಯತಿನಷ್ಟು ನೋವಿನಿಂದ ಕಂಡ ಊರು ಕಡಿಮೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗಿನ ಮನೆಗಳವರು ಕುಡಿದದ್ದು ಸುರಂಗದ, ತೋಡಿನ ನೀರು. ಉಂಡದ್ದು ಮನೆಯಲ್ಲೇ ಬೆಳೆದದ್ದು. ಅಲ್ಲಿನ ಮಕ್ಕಳಲ್ಲಿ ಅಂಗವೈಕಲ್ಯ ಕಂಡಾಗ ದೈವದ ಮುನಿಸೇ ಕಾರಣ ಎಂದುಕೊಂಡವರೂ ಇದ್ದರು. ಅದೇ ಪಂಚಾಯತಿನ ಪಡ್ರೆ ಗ್ರಾಮದ ಸುತ್ತ ಇಷ್ಟೊಂದು ಕಾಯಿಲೆ ಏಕೆ ಎಂದು ಡಾ. ವೈ. ಎಸ್. ಮೋಹನ ಕುಮಾರ್ ಕೇಳಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಆ ತಾಯಂದಿರು ಯಾವ ಪಥ್ಯ ಮುರಿದಿದ್ದರು? ನಿಮ್ಮ ಗಂಟಿಗೂ ಅದಕ್ಕೂ ನಾನು ನಂಟು ಹಾಕುತ್ತಿಲ್ಲ. ಒಬ್ಬರ ರೋಗ ನೋಡಿ ಹಾಗೆ ಹೇಳಲು ಬರುವುದಿಲ್ಲ. ರೋಗಿಯ ತಟ್ಟೆಯಲ್ಲೇ ತಪ್ಪು ಹುಡುಕುವುದು ಅನ್ಯಾಯ ಎಂದಷ್ಟೇ ನನ್ನ ಮಾತು.

ಹಾಗಾದರೆ ಇಷ್ಟು ವರ್ಷದ ಶಿಸ್ತು ದಂಡವಾಯಿತೇ? ಇಲ್ಲ. ಆಟಿಯ ಮಳೆಗೆ ಕೊಡೆ ಹಿಡಿದರೂ ಕಾಲು ಒದ್ದೆಯಾಗುತ್ತದೆ, ಹಾಗೆಂದು ಯಾರೂ ಕೊಡೆ ಎಸೆಯುವುದಿಲ್ಲ. ತಂಬಾಕು, ಮದ್ಯ ಬಿಟ್ಟು, ಮೈಗೆ ಕೆಲಸ ಕೊಟ್ಟು, ಲಸಿಕೆ ಹಾಕಿಸಿಕೊಂಡರೆ ಕ್ಯಾನ್ಸರುಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ತಡೆಯಬಹುದು. ಉಳಿದವು ಯಾರನ್ನೂ ಕೇಳಿ ಬರುವುದಿಲ್ಲ. ದುಡಿದು ಗಟ್ಟಿಯಾದ ಮೈ ಆಪರೇಷನ್ನಿಗೆ, ಕೀಮೋಗೆ ಈಗ ನಿಮ್ಮ ಬೆನ್ನಿಗಿರುತ್ತದೆ.

ಏನು ತಿಂದಿದ್ದೆ ಎಂದು ಕೇಳುವವರ ಮಾತಿನಲ್ಲಿ ಹೆಚ್ಚಾಗಿ ಇರುವುದು ಭಯ. ನಿಮ್ಮಲ್ಲಿ ಒಂದು ತಪ್ಪು ಸಿಕ್ಕಿದರೆ ‘ನಮಗೆ ಬಾರದು’ ಎಂಬ ಧೈರ್ಯ ಅವರಿಗೆ. ‘ಕಾರಣ ಡಾಕ್ಟರಿಗೂ ಗೊತ್ತಿಲ್ಲ, ಬರುವ ವಾರ ಆಸ್ಪತ್ರೆಗೆ ಜೊತೆಗೆ ಬರುತ್ತೀರಾ?’ ಎಂದು ಕೇಳಿ. ಬರುವವರು ಬರುತ್ತಾರೆ.

ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಕಷಾಯ ಕುಡಿಯುವುದಾದರೆ ಡಾಕ್ಟರಿಗೆ ತಿಳಿಸಿಯೇ ಕುಡಿಯಿರಿ, ಕೆಲವು ಬೇರುಗಳು ಕೀಮೋ ಮದ್ದಿನ ಕೆಲಸ ಕೆಡಿಸಬಹುದು. ತಂಗಿ, ಮಗಳು ಇದ್ದರೆ ಅವರಿಂದ ಮುಚ್ಚಿಡಬೇಡಿ. ಯಾವ ವಯಸ್ಸಿನಿಂದ ತಪಾಸಣೆ ಮಾಡಿಸಬೇಕು ಎಂದು ಅವರೂ ಕೇಳಿ ತಿಳಿಯಲಿ.