ಶಬ್ದಗಳ ಜಾತಕ

1879ನೆಯ ಇಸವಿಯಲ್ಲಿ ಲಂಡನ್ನಿನ ಸಮೀಪದ ಮಿಲ್ ಹಿಲ್ ಎಂಬಲ್ಲಿ ಶಾಲಾ ಉಪಾಧ್ಯಾಯರೊಬ್ಬರ ಮನೆಗೆ ಮೂಟೆ ಮೂಟೆಯಾಗಿ ಕಾಗದದ ಚೀಟಿಗಳು ಬಂದಿಳಿದವು. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣವಿತ್ತು. ಇನ್ನೊಂದರಲ್ಲಿ ಇಲಿಯೊಂದು ಮರಿಗಳೊಡನೆ ಸಂಸಾರ ಹೂಡಿತ್ತು. ಸುಮಾರು ಇಪ್ಪತ್ತು ವರ್ಷಗಳಿಂದ ಹಲವರು ಕೂಡಿಟ್ಟಿದ್ದ ಇಂಗ್ಲಿಷ್ ಶಬ್ದಭಂಡಾರವದು! ಅದನ್ನು ಬರಮಾಡಿಕೊಂಡವರು ಜೇಮ್ಸ್ ಮರ್ರೆ. ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗನಾಗಿ ಹುಟ್ಟಿ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ವಯಸ್ಸಿಗೇ ಶಾಲೆಯನ್ನು ಬಿಟ್ಟು, ಸ್ವಪ್ರಯತ್ನದಿಂದ ಹಲವು ಭಾಷೆಗಳನ್ನು ಕಲಿತವರು. ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಎಂದು ಹೆಸರಾದ ಗ್ರಂಥದ ಸಂಪಾದಕತ್ವವನ್ನು ಅವರು ಆಗಷ್ಟೇ ವಹಿಸಿಕೊಂಡಿದ್ದರು.

ಶಬ್ದಕ್ಕೆ ಅರ್ಥ ಹೇಳಿ ಮುಗಿಸುವುದು ಈ ನಿಘಂಟಿನ ಉದ್ದೇಶವಾಗಿರಲಿಲ್ಲ. ಪ್ರತಿಯೊಂದು ಶಬ್ದವೂ ಎಲ್ಲಿಂದ ಬಂದಿತು, ಶತಮಾನಗಳು ಕಳೆದಂತೆ ಅದರ ಅರ್ಥ ಹೇಗೆ ತಿರುಗಿತು ಎಂಬುದನ್ನು ಆಯಾ ಕಾಲದ ಗ್ರಂಥಗಳ ವಾಕ್ಯಗಳಿಂದಲೇ ತೋರಿಸಬೇಕಾಗಿತ್ತು. ‘ನೈಸ್’ ಎಂಬ ಶಬ್ದವನ್ನೇ ನೋಡಿ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ‘ಅರಿಯದವನು’ ಎಂದರ್ಥ. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದಾಗ ‘ಮೂಢ’ ಎಂಬ ಅರ್ಥವಿತ್ತು. ಬರಬರುತ್ತ ಅತಿ ನಾಜೂಕಿನವನು ಎಂದಾಯಿತು, ಸೂಕ್ಷ್ಮವಾದುದು ಎಂದಾಯಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ‘ಹಿತವಾದುದು’ ಎಂಬ ಅರ್ಥ ಬಳಕೆಗೆ ಬಂದಿತು. ಆರು ನೂರು ವರ್ಷಗಳ ಹಿಂದೆ ಒಬ್ಬನನ್ನು ‘ನೈಸ್’ ಎಂದಿದ್ದರೆ ಆತ ಮುನಿಯದೆ ಇರುತ್ತಿರಲಿಲ್ಲ.

‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಈ ಮೂರಕ್ಕೂ ‘ಕೇಳು’ ಎಂದೇ ಅರ್ಥ ಹೇಳುವುದುಂಟು. ಮೊದಲನೆಯದು ಆ ನಾಡಿನ ಹಳೆಯ ನುಡಿ. ಎರಡನೆಯದು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಹರಡಿದ ಫ್ರೆಂಚಿನ ಕೊಡುಗೆ. ಮೂರನೆಯದು ವಿದ್ವಾಂಸರು ಲ್ಯಾಟಿನ್ನಿನಿಂದ ತಂದದ್ದು. ಆದರೆ ಮಗು ತಾಯಿಯನ್ನು ಕೇಳುವುದು ‘ಆಸ್ಕ್’. ಪೊಲೀಸರು ಕಳ್ಳನನ್ನು ಕೇಳುವುದು ‘ಇಂಟರಾಗೇಟ್’. ಸಮಾನಾರ್ಥಕ ಎಂಬುದು ಸ್ವಲ್ಪ ಸಡಿಲವಾದ ಮಾತೇ ಸರಿ.

ಮರ್ರೆಯವರು ಕಬ್ಬಿಣದ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಚೀಟಿಗಳಿಗಾಗಿ ಗೋಡೆಯುದ್ದಕ್ಕೂ ಗೂಡುಗಳನ್ನು ಮಾಡಿಸಿದರು. ಗ್ರಂಥಗಳನ್ನೋದಿ ವಾಕ್ಯಗಳನ್ನು ಆಯ್ದು ಕಳುಹಿಸಿರೆಂದು ಸಾರ್ವಜನಿಕರನ್ನು ಬೇಡಿದರು. ಚೀಟಿಗಳು ಲಕ್ಷಗಟ್ಟಲೆ ಬಂದವು. ಅವರ ಹನ್ನೊಂದು ಮಂದಿ ಮಕ್ಕಳೂ ಪುಡಿಗಾಸಿನ ಆಸೆಯಿಂದ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದರು. ಹತ್ತು ವರ್ಷಗಳಲ್ಲಿ ಕೆಲಸ ಮುಗಿಯಬೇಕೆಂಬುದು ಒಪ್ಪಂದ. ಐದು ವರ್ಷ ದುಡಿದು 1884ರಲ್ಲಿ ಮೊದಲ ಸಂಚಿಕೆಯನ್ನು ಹೊರತಂದಾಗ ಮುಟ್ಟಿದ್ದು ‘ಆಂಟ್’ ಎಂಬ ಶಬ್ದದವರೆಗೆ, ಅಂದರೆ ಇರುವೆಯವರೆಗೆ ಮಾತ್ರ!

ಇಷ್ಟು ಎಚ್ಚರದ ನಡುವೆಯೂ ಒಂದು ಶಬ್ದ ತಪ್ಪಿಹೋಯಿತು. ‘ಬಾಂಡ್‌ಮೇಡ್’ ಎಂದರೆ ದಾಸಿ, ಕೂಲಿಯಿಲ್ಲದೆ ಒಡೆಯನ ಮನೆಯಲ್ಲಿ ಜೀವ ತೇಯುವ ತೊತ್ತು. ಅದರ ಚೀಟಿಗಳು ಎಲ್ಲಿಯೋ ಮರೆಯಾಗಿದ್ದವು. ಆ ಭಾಗ ಅಚ್ಚಾದ ಮೇಲೆಯೇ ಲೋಪ ಗೊತ್ತಾದುದು. ಜಗತ್ತು ಲೆಕ್ಕಕ್ಕಿಡದವಳನ್ನು ನಿಘಂಟೂ ಮರೆತಂತಾಯಿತು. ಮರ್ರೆಯವರಿಗೆ ಈ ಕೊರತೆ ವರ್ಷಗಳ ಬಳಿಕವೂ ಮಾಸಲಿಲ್ಲ.

‘ಟಿ’ ಅಕ್ಷರದ ಕೆಲಸ ನಡೆದಿರುವಾಗಲೇ, 1915ರಲ್ಲಿ ಅವರು ತೀರಿಕೊಂಡರು. ಸಹೋದ್ಯೋಗಿಗಳು ನಿಘಂಟನ್ನು 1928ರಲ್ಲಿ ಪೂರ್ಣಗೊಳಿಸಿದರು. ಅದರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಶಬ್ದಗಳಿದ್ದವು. ‘ಬಾಂಡ್‌ಮೇಡ್’ ಮಾತ್ರ ಇನ್ನೂ ಐದು ವರ್ಷ ಹೊರಗೆ ಕಾದು, 1933ರ ಪುರವಣಿಯಲ್ಲಿ ತನ್ನ ಜಾಗಕ್ಕೆ ಬಂದು ನಿಂತಿತು.