ಎರಡು–ಮೂರು ಪದಗಳ ಟೈಪ್ ಹೆಸರು: ಪಾರ್ಸರ್‌ಗೆ ಕಲಿಸುವುದು ಹೇಗೆ?

ಎಸ್‌ಕ್ಯೂಎಲ್ ಪಾರ್ಸರ್ ಬರೆಯಲು ಹೊರಟವರು ‘ಇಂಟಿಜರ್’, ‘ಡೇಟ್’ ತನಕ ಸಲೀಸಾಗಿ ಸಾಗುತ್ತಾರೆ. ತೊಡಕು ಶುರುವಾಗುವುದು ‘ಡಬಲ್ ಪ್ರಿಸಿಶನ್’, ‘ಕ್ಯಾರೆಕ್ಟರ್ ವೇರಿಯಿಂಗ್’, ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಎದುರಾದಾಗ. ಎಸ್‌ಕ್ಯೂಎಲ್ ಮಾನಕದಲ್ಲೇ ಇರುವ ಹೆಸರುಗಳಿವು, ಕೈಬಿಡುವಂತಿಲ್ಲ. ಪೋಸ್ಟ್‌ಗ್ರೆಸ್ ಹಿಡಿದಿರುವ ದಾರಿಯೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಮೊದಲಿಗೆ, ಪದಗಳನ್ನು ಲೆಕ್ಸರ್‌ನಲ್ಲೇ ಅಂಟಿಸಲು ಹೋಗಬೇಡಿ. ಅವುಗಳ ನಡುವೆ ಹೊಸ ಸಾಲು ಬರಬಹುದು, ಕಾಮೆಂಟ್ ಬರಬಹುದು. ‘ಟೈಮ್‌ಸ್ಟ್ಯಾಂಪ್(3) ವಿತ್ ಟೈಮ್ ಝೋನ್’ ನೋಡಿ, ಸೆಕೆಂಡಿನ ನಿಖರತೆಯ ಅಂಕಿ ಹೆಸರಿನ ನಡುವೆಯೇ ಕೂತಿದೆ. ಪ್ರತಿ ಪದವೂ ಬೇರೆ ಟೋಕನ್ ಆಗಿರಲಿ, ಜೋಡಣೆ ವ್ಯಾಕರಣದ ನಿಯಮದಲ್ಲಿ ನಡೆಯಲಿ.

ನಿಯಮ ಹೊಂದಿದೊಡನೆ ಒಂದೇ ಪದದ ಒಳಹೆಸರಿಗೆ ಬದಲಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಡಬಲ್ ಪ್ರಿಸಿಶನ್’ ಅಲ್ಲೇ ‘ಫ್ಲೋಟ್8’ ಆಗುತ್ತದೆ. ಮುಂದಿನ ಕೋಡ್‌ಗೆ ಉದ್ದದ ಹೆಸರಿನ ಗೊಡವೆಯೇ ಇಲ್ಲ.

ನಿಜವಾದ ಕಗ್ಗಂಟು ‘ವಿತ್’ ಪದದ್ದು. ‘ಕ್ರಿಯೇಟ್ ವ್ಯೂ’ ಹೇಳಿಕೆಯೊಂದು ‘::ಟೈಮ್‌ಸ್ಟ್ಯಾಂಪ್ ವಿತ್ ಚೆಕ್ ಆಪ್ಷನ್’ ಎಂದು ಮುಗಿಯಬಹುದು. ಇಲ್ಲಿನ ‘ವಿತ್’ ಟೈಪ್‌ಗೆ ಸೇರಿದ್ದಲ್ಲ. ವ್ಯಾಕರಣದಿಂದ ಪಾರ್ಸರ್ ತಯಾರಿಸುವ ಬೈಸನ್ ಎಂಬ ಸಾಧನ ಕೊಡುವ ಪಾರ್ಸರ್ ಒಂದೇ ಟೋಕನ್ ಮುಂದೆ ನೋಡುತ್ತದೆ. ‘ವಿತ್’ ಕಂಡಾಗ ಟೈಪ್ ಮುಗಿಯಿತೋ ಇಲ್ಲವೋ ಅದಕ್ಕೆ ಗೊತ್ತಾಗದು. ಅದಕ್ಕೇ ಲೆಕ್ಸರ್ ಮತ್ತು ಪಾರ್ಸರ್ ನಡುವೆ ಚಿಕ್ಕದೊಂದು ಸೋಸುಕ ಇಡಿ. ‘ವಿತ್’ ಬಂದಾಗ ಅದು ಇನ್ನೊಂದು ಟೋಕನ್ ಇಣುಕಿ ನೋಡಲಿ. ‘ಟೈಮ್’ ಇದ್ದರೆ ‘ವಿತ್’ ಬದಲು ವಿಶೇಷ ಟೋಕನ್ ಕಳಿಸಲಿ. ಪೋಸ್ಟ್‌ಗ್ರೆಸ್‌ನಲ್ಲಿ ಇದರ ಹೆಸರು ‘ವಿತ್_ಎಲ್‌ಎ’. ‘ವಿದೌಟ್’ಗೂ ಇದೇ ಉಪಾಯ.

ಈ ಸೋಸುಕದಲ್ಲಿ ಬೇರೆ ಜಾಣತನ ತುಂಬಬೇಡಿ. ಹಾಗೆಯೇ ‘ಡಬಲ್’, ‘ಝೋನ್’ ಪದಗಳನ್ನು ಕಾಯ್ದಿರಿಸಬೇಡಿ. ಯಾರದೋ ಟೇಬಲ್‌ನಲ್ಲಿ ‘ಝೋನ್’ ಎಂಬ ಕಾಲಂ ಇದ್ದೇ ಇರುತ್ತದೆ.

ಎಸ್‌ಕ್ಯೂಲೈಟ್‌ನದು ಬೇರೆ ದಾರಿ: ಎಷ್ಟು ಪದಗಳಿದ್ದರೂ ಸೇರಿಸಿಕೊಂಡು, ಹೆಸರಿನೊಳಗಿನ ಅಕ್ಷರಗಳನ್ನು ಹುಡುಕುತ್ತದೆ. ಬರೆಯಲು ಸುಲಭ, ಆದರೆ ‘ಫ್ಲೋಟಿಂಗ್ ಪಾಯಿಂಟ್’ ಎಂದರೆ ‘ಪಾಯಿಂಟ್’ ಒಳಗಿನ ‘ಇಂಟ್’ ನೋಡಿ ಪೂರ್ಣಾಂಕದ ಕಡೆಗೆ ವಾಲುತ್ತದೆ. ಟೈಪ್ ಬಿಗಿಯಾಗಿರಬೇಕಾದ ಡೇಟಾಬೇಸ್‌ಗೆ ಇದು ಬೇಡ.

ಟೈಪ್ ಹೆಸರನ್ನು ಮುದ್ರಿಸುವಾಗ ಮಾನಕದ ಪೂರ್ಣ ಹೆಸರನ್ನೇ ಕೊಡಿ, ಅದನ್ನು ನಿಮ್ಮ ಪಾರ್ಸರ್‌ಗೇ ಮತ್ತೆ ಓದಿಸಿ ನೋಡಿ. ಜೋಡಿ ಉದ್ಧರಣ ಚಿಹ್ನೆಯೊಳಗೆ ‘ಡಬಲ್ ಪ್ರಿಸಿಶನ್’ ಬರೆದೂ ಪರೀಕ್ಷಿಸಿ. ಅದು ‘ಫ್ಲೋಟ್8’ ಆಗಕೂಡದು. ಆ ಹೆಸರಿನ ಟೈಪ್ ಇಲ್ಲವೆಂಬ ದೋಷ ಬರಬೇಕು.