ವೈದ್ಯರ ಕಲಿಕೆಗೆ ಕೊನೆಯಿಲ್ಲ

ಗೋಡೆಯ ಮೇಲಿನ ಪದವಿ ಪತ್ರ ನೋಡಿ ನಾವು ವೈದ್ಯರನ್ನು ನಂಬುತ್ತೇವೆ. ಆದರೆ ಪದವಿ ಪಡೆದ ನಂತರವೂ ವೈದ್ಯಶಾಸ್ತ್ರ ಬದಲಾಗುತ್ತಲೇ ಇರುತ್ತದೆ.

ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರದ ಊಟವೇ ಕಾರಣವೆಂದು ಹಿಂದೆ ತಿಳಿದಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್ ಹೊಟ್ಟೆಯಲ್ಲಿರುವ ಒಂದು ರೋಗಾಣುವನ್ನು ಗುರುತಿಸಿದರು. ಅನೇಕರ ಹುಣ್ಣಿಗೆ ಅದೇ ಮೂಲ. ಈಗ ಸುಮಾರು ಎರಡು ವಾರಗಳ ಔಷಧಿಯಿಂದ ಅದನ್ನು ಹೋಗಲಾಡಿಸಬಹುದು. ವೈದ್ಯರು ಹಳೆಯ ಪಾಠದಲ್ಲೇ ಉಳಿದರೆ ರೋಗಿ ವರ್ಷಗಟ್ಟಲೆ ನೋವು ಅನುಭವಿಸಬೇಕಾಗುತ್ತದೆ.

ಆದ್ದರಿಂದಲೇ ಬ್ರಿಟನ್ನಿನಲ್ಲಿ 2012ರ ಡಿಸೆಂಬರ್‌ನಿಂದ ತಜ್ಞರನ್ನೂ ಸಾಮಾನ್ಯ ವೈದ್ಯರನ್ನೂ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಒಳಪಡಿಸುತ್ತಾರೆ. ಅದರಲ್ಲಿ ರೋಗಿಗಳ ಅಭಿಪ್ರಾಯವನ್ನೂ ಕೇಳುತ್ತಾರೆ. ನಮ್ಮ ದೇಶದಲ್ಲಿ 2002ರ ನಿಯಮದ ಪ್ರಕಾರ ಅಲೋಪಥಿ ವೈದ್ಯರು 5 ವರ್ಷಗಳಲ್ಲಿ ಕನಿಷ್ಠ 30 ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕು. ಆದರೆ ಇದು ಹಾಜರಿಯ ಲೆಕ್ಕ, ಪರೀಕ್ಷೆಯಲ್ಲ. ಉಳಿದದ್ದು ವೈದ್ಯರ ಶ್ರದ್ಧೆಗೆ ಬಿಟ್ಟದ್ದು.

ರೋಗಿಗಳು ಮತ್ತು ಜೊತೆಗಿರುವವರು ಗಮನಿಸಬೇಕಾದದ್ದು:

1. ಔಷಧಿ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇದೆಯೇ ನೋಡಿರಿ. ಅದು ಇರಲೇಬೇಕೆಂಬ ನಿಯಮವಿದೆ.

2. ಬಹುಕಾಲದಿಂದ ಒಂದೇ ಔಷಧಿ ಸೇವಿಸುತ್ತಿದ್ದರೆ, "ಡಾಕ್ಟರೇ, ಇದಕ್ಕೆ ಈಗ ಬೇರೆ ಚಿಕಿತ್ಸೆ ಬಂದಿದೆಯೇ?" ಎಂದು ಕೇಳಿರಿ. ಸಂಕೋಚ ಬೇಡ. ಆದರೆ ನೀವಾಗಿಯೇ ಔಷಧಿ ನಿಲ್ಲಿಸಬೇಡಿರಿ.

3. ಪುಸ್ತಕ ನೋಡಿ ಅಥವಾ ಇನ್ನೊಬ್ಬ ತಜ್ಞರನ್ನು ವಿಚಾರಿಸಿ ಹೇಳುವೆನೆಂಬ ವೈದ್ಯರನ್ನು ಹಗುರವಾಗಿ ಕಾಣಬೇಡಿರಿ. ಅವರು ಇನ್ನೂ ಕಲಿಯುತ್ತಿದ್ದಾರೆ. ಅದರ ಲಾಭ ನಿಮಗೇ.